ಸಾವಿರಾರು ವರ್ಷ ವಾದ ಮಾಡಿಯೂ ತೀರ್ಮಾನ ಇಲ್ಲ ಅಂದ್ರೆ ಸರಿ-ತಪ್ಪು ಅನ್ನೋದು ಬರೀ ಅಭಿಪ್ರಾಯವೇ?

ನಿಮ್ಮ ಪ್ರಶ್ನೆ ಇಷ್ಟು. ಸರಿ ಯಾವುದು, ತಪ್ಪು ಯಾವುದು? 'ನನಗೆ ಗೊತ್ತು' ಅನ್ನಲು ಎಷ್ಟು ಆಧಾರ ಬೇಕು? ಒಳ್ಳೆಯ ಸಮಾಜ ಹೇಗಿರಬೇಕು? ಈ ಮೂರರ ಬಗ್ಗೆ ತತ್ವಶಾಸ್ತ್ರದವರು ಇನ್ನೂ ಜಗಳ ಆಡುತ್ತಲೇ ಇದ್ದಾರೆ. ಹಾಗಾದರೆ ಇದೆಲ್ಲ ಅವರವರ ಅಭಿಪ್ರಾಯ ಅಷ್ಟೇ ಅಲ್ವಾ?

ಅಲ್ಲ ಅಂತ ನನ್ನ ಉತ್ತರ. ನಾನು ತತ್ವಶಾಸ್ತ್ರ ಕಲಿಸುವವನಲ್ಲ. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ಅಡಿಕೆ ತೋಟ ನೋಡಿಕೊಂಡು, ಬಿಡುವಾದಾಗ ಓದುತ್ತೇನೆ. ಆದರೆ ನೀವು ಹೇಳಿದ ಮೂರೂ ಜಗಳ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆದಿವೆ. ಕೆಲವು ಕೋರ್ಟಿಗೂ ಹೋಗಿವೆ. ಹಾಗಾಗಿ ಇಲ್ಲಿಯ ಸಂಗತಿಗಳನ್ನೇ ಹಿಡಿದು ಹೇಳುತ್ತೇನೆ.

ಮೊದಲು ಸರಿ-ತಪ್ಪಿನ ವಿಷಯ. ಅದಕ್ಕೆ ತಾಳಮದ್ದಳೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನೋಡದವರಿಗೆ ಒಂದು ಮಾತು: ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ವಾದ ಮಾಡುತ್ತಾರೆ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ವಧೆ ಬರುವ ಭಾಗವನ್ನು ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ?

ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಎರಡು ಇವು. ಒಂದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಈ ಶಿಕ್ಷೆ. ಎರಡು, ನೀನು ಕೊಂಬೆಯ ಮೇಲಿನ ಮೃಗ, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯುವುದು ತಪ್ಪಲ್ಲ. ವಾಲಿಯ ಅರ್ಥ ಹೇಳುವವರು ಚುರುಕಾಗಿದ್ದರೆ ಇಲ್ಲೇ ಹಿಡಿಯುತ್ತಾರೆ. ನಾನು ಮೃಗವಾದರೆ ಅತ್ತಿಗೆ, ನಾದಿನಿ ಎಂಬ ಮನುಷ್ಯರ ಕಟ್ಟಳೆ ನನಗೆ ಎಲ್ಲಿಂದ ಬಂತು? ಮನುಷ್ಯನಂತೆ ಶಿಕ್ಷೆಗೆ ತಕ್ಕವನಾದರೆ ಎದುರು ಬಂದು ಹೊಡೆಯಬೇಕಿತ್ತಲ್ಲ? ಎರಡು ಉತ್ತರವನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ರಾಮನಿಗೆ ಕಷ್ಟ. ಒಂದನ್ನು ಬಿಡಬೇಕು, ಇಲ್ಲವೇ ಮೂರನೆಯದನ್ನು ಹುಡುಕಬೇಕು. ಒಳ್ಳೆಯ ಅರ್ಥಧಾರಿಗಳು ಹುಡುಕುತ್ತಾರೆ ಕೂಡ. ರಾತ್ರಿಯಿಡೀ ಜನ ಕೂತು ಕೇಳುವುದೇ ಅದಕ್ಕೆ.

ಕತೆಯಲ್ಲಿ ವಾಲಿ ಸಾಯುತ್ತಾನೆ, ರಾಮ ಗೆಲ್ಲುತ್ತಾನೆ. ಅದು ಬದಲಾಗುವುದಿಲ್ಲ. ಆದರೆ ಆ ರಾತ್ರಿ ವಾದದಲ್ಲಿ ಯಾರು ಸೋತರು ಅನ್ನುವುದು ಹಿಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ನನಗೆ ಹಲಸಿನ ಹಣ್ಣು ಇಷ್ಟ, ನಿಮಗೆ ಇಷ್ಟವಿಲ್ಲ ಅಂದರೆ ಯಾರೂ ಸೋಲುವುದಿಲ್ಲ. ವಾಲಿಯ ಪ್ರಶ್ನೆಯಲ್ಲಿ ಸೋಲು ಸಾಧ್ಯ. ಸೋಲು ಸಾಧ್ಯ ಇರುವ ಕಡೆ ಬರೀ ಇಷ್ಟಾನಿಷ್ಟಕ್ಕಿಂತ ಹೆಚ್ಚಿನದೇನೋ ಇದೆ. ನೀನು ಒಪ್ಪಿಕೊಂಡ ನಿಯಮ ನಿನಗೆ ಬೇಕಾದಾಗ ಒಂದು, ಬೇಡವಾದಾಗ ಇನ್ನೊಂದು ಆಗಬಾರದು ಅಂತ ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ. ಹಾಗಂತ ಮಾತಿನಲ್ಲಿ ವಿರೋಧ ಇಲ್ಲ ಎಂದಮಾತ್ರಕ್ಕೆ ಆ ಮಾತು ಸರಿ ಅಂತ ಅಲ್ಲ. ಕ್ರೂರಿಯೂ ಅಚ್ಚುಕಟ್ಟಾಗಿ ಮಾತಾಡಬಲ್ಲ. ಇದು ತಪ್ಪನ್ನು ಸೋಸುವ ದಾರಿ ಮಾತ್ರ.

ಇನ್ನು ಜ್ಞಾನದ ಜಗಳ. ನನ್ನ ಮುಖ್ಯ ಮಾತು ಇರುವುದು ಇಲ್ಲಿ.

ನಮ್ಮ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿವೆ. ಅದು ಸರ್ಕಾರದ್ದೇ ಸಂಸ್ಥೆ. ಗೇರಿಗೆ ಬೀಳುವ ಟೀ ಮೊಸ್ಕಿಟೊ ಕೀಟಕ್ಕೆ ಅಂತ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಕೆಳಗೆ ಮನೆ, ತೋಡು, ಬಾವಿ, ಕುಡಿಯುವ ನೀರಿನ ಸುರಂಗ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರದ ಹೆಸರು ನೀವೂ ಕೇಳಿರಬಹುದು. ಅಲ್ಲಿ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಜಾಸ್ತಿ ಕಾಣುತ್ತಿದೆ ಅಂತ ವಾಣೀನಗರದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ದಕ್ಷಿಣಕ್ಕೆ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ಉದ್ಯೋಗಿ ಕೋರ್ಟಿಗೆ ಹೋಗಿ 1998ರಲ್ಲಿ ತಡೆಯಾಜ್ಞೆ ತಂದರು.

ಎದುರಿನವರ ವಾದ ಒಂದೇ: ಸಾಬೀತಾಗಿಲ್ಲ. ಸಮಿತಿಗಳು ಬಂದವು, ಹೋದವು. ಒಂದು ವರದಿ ಸಂಬಂಧ ಇದೆ ಎಂದಿತು, ಮತ್ತೊಂದು ಇಲ್ಲ ಎಂದಿತು. ಕೃಷಿ ವಿಜ್ಞಾನಿಗಳಲ್ಲಿ ಕೆಲವರು ಈಗಲೂ ಆ ಸಂಬಂಧ ಗಟ್ಟಿಯಾಗಿಲ್ಲ ಅನ್ನುತ್ತಾರೆ. ಅವರನ್ನೆಲ್ಲ ಕಂಪನಿಯ ಏಜೆಂಟರು ಅಂತ ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರ ಪ್ರಶ್ನೆಗಳಲ್ಲಿ ಕೆಲವು ನ್ಯಾಯವಾದವು.

ಆದರೆ 'ಸಾಬೀತಾಗಿಲ್ಲ' ಅಂದರೆ ಯಾವುದಕ್ಕೆ ಸಾಲುವಷ್ಟು ಸಾಬೀತಾಗಿಲ್ಲ? ಅದನ್ನು ಯಾರೂ ಹೇಳುವುದಿಲ್ಲ. ಎರಡು ಬಗೆಯ ತಪ್ಪು ಸಾಧ್ಯ. ಔಷಧಿ ನಿರಪಾಯವಾಗಿದ್ದೂ ನಿಲ್ಲಿಸಿದರೆ ಒಂದಿಷ್ಟು ಗೇರುಬೀಜದ ಫಸಲು ಹೋಗುತ್ತದೆ. ವಿಷವಾಗಿದ್ದೂ ಮುಂದುವರಿಸಿದರೆ ಮಕ್ಕಳ ಬದುಕು ಹೋಗುತ್ತದೆ. ಎರಡೂ ತಪ್ಪುಗಳ ತೂಕ ಒಂದೇ ಅಂದುಕೊಂಡವನು ಮಾತ್ರ 'ಪೂರ್ತಿ ಪುರಾವೆ ಬರಲಿ, ಆಮೇಲೆ ನೋಡೋಣ' ಅನ್ನಬಲ್ಲ. ಎಷ್ಟು ಪುರಾವೆ ಸಾಕು ಅನ್ನುವುದನ್ನು ಪ್ರಯೋಗಾಲಯ ಹೇಳಲಾರದು. ತಪ್ಪಾದರೆ ಯಾರ ತಲೆಗೆ ಬೀಳುತ್ತದೆ ಅಂತ ನೋಡಿಯೇ ಅದನ್ನು ಹೇಳಬೇಕು. ಅಮೆರಿಕದ ತತ್ವಜ್ಞಾನಿ ರಿಚರ್ಡ್ ರಡ್ನರ್ 1953ರಲ್ಲಿ ಇದೇ ವಾದ ಮುಂದಿಟ್ಟರು: ವಿಜ್ಞಾನಿ ಒಂದು ಊಹೆಯನ್ನು ಒಪ್ಪುವಾಗಲೇ ಅದು ತಪ್ಪಾದರೆ ಏನು ಗತಿ ಅಂತ ತೂಗಿರುತ್ತಾನೆ. ಅಂದರೆ ಜ್ಞಾನದ ಜಗಳ ಅಂತ ಕಾಣುವುದರ ಒಳಗೆ ಎಷ್ಟೋ ಸಲ ಸರಿ-ತಪ್ಪಿನ ಜಗಳ ಕೂತಿರುತ್ತದೆ.

ನಮ್ಮ ಹಳಬರು ಇದನ್ನು ಇನ್ನೊಂದು ಕಡೆಯಿಂದ ಹಿಡಿದಿದ್ದರು. ಬಂದ ತಿಳಿವಳಿಕೆಯನ್ನು ಅದು ಸುಳ್ಳು ಅಂತ ಗೊತ್ತಾಗುವವರೆಗೆ ನಿಜ ಅಂತಲೇ ಹಿಡಿಯಬೇಕು ಅಂತ ಮೀಮಾಂಸಕರು. ಬೇರೆ ಆಧಾರದಿಂದ ಒರೆಗೆ ಹಚ್ಚಿದ ಮೇಲೆಯೇ ನಿಜ ಅನ್ನಬಹುದು ಅಂತ ನೈಯಾಯಿಕರು. ಸ್ವತಃಪ್ರಾಮಾಣ್ಯ, ಪರತಃಪ್ರಾಮಾಣ್ಯ ಅಂತ ಇದಕ್ಕೆ ದೊಡ್ಡ ಹೆಸರು. ನೋಡಿದರೆ ಇದು ಪುರಾವೆಯ ಹೊರೆ ಯಾರ ಮೇಲೆ ಅನ್ನುವ ಜಗಳವೇ. 'ನಮ್ಮ ವಾರ್ಡಿನಲ್ಲಿ ಇಂಥ ಮಕ್ಕಳು ಮೊದಲು ಇರಲಿಲ್ಲ' ಅಂತ ತಾಯಿಯೊಬ್ಬಳು ಹೇಳಿದರೆ ಅದನ್ನು ಸುಳ್ಳು ಮಾಡುವ ಕೆಲಸ ನಿಮ್ಮದೋ, ನಿಜ ಮಾಡುವ ಕೆಲಸ ಅವಳದೋ?

ನೈಯಾಯಿಕರ ನ್ಯಾಯಶಾಸ್ತ್ರಕ್ಕೆ (ಕೋರ್ಟಿನ ಕಾನೂನಲ್ಲ, ತರ್ಕಶಾಸ್ತ್ರ) ಭಾಷ್ಯ ಬರೆದ ವಾತ್ಸ್ಯಾಯನ ನಂಬತಕ್ಕವನು ಯಾರು ಅಂತ ವಿವರಿಸುತ್ತಾನೆ. ವಿಷಯವನ್ನು ನೇರ ಕಂಡವನು, ಕಂಡದ್ದನ್ನು ಕಂಡಂತೆ ಹೇಳಬೇಕು ಅನ್ನುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಅಂತ ಸೇರಿಸುತ್ತಾನೆ. ನನಗೆ ತುಂಬ ಇಷ್ಟವಾದ ಸಾಲು ಅದು. ಡಿಗ್ರಿ ಇದೆಯೋ ಇಲ್ಲವೋ ಅಂತ ಅವನು ಕೇಳುವುದಿಲ್ಲ. ಗೇರು ತೋಟದ ಕೆಳಗೆ ವಾಸ ಮಾಡಿದವರ ಮಾತು ಎಷ್ಟೋ ವರ್ಷ ಲೆಕ್ಕಕ್ಕೇ ಬರಲಿಲ್ಲ. ಅವರ ಹತ್ತಿರ ಪುರಾವೆ ಇರಲಿಲ್ಲ ಅನ್ನುವುದಕ್ಕಿಂತ ಅವರನ್ನು ಹೇಳತಕ್ಕವರು ಅಂತ ಯಾರೂ ಎಣಿಸಿರಲಿಲ್ಲ.

ಹಾಗಾದರೆ ಊರಿನವರು ಹೇಳಿದ್ದೆಲ್ಲ ನಿಜವೇ ಅಂತ ನೀವು ಕೇಳಬಹುದು. ಲಸಿಕೆ ಹಾಕಿಸಬೇಡಿ ಅನ್ನುವ ವಾಟ್ಸಾಪ್ ಮಾತೂ ಊರಿನವರದ್ದೇ ತಾನೇ? ಅದೇ ಅಳತೆ ಹಿಡಿಯಿರಿ. ಅಲ್ಲಿ ಹೇಳುವವರು ತಾವು ಕಂಡದ್ದನ್ನು ಹೇಳುತ್ತಿಲ್ಲ, ಬಂದದ್ದನ್ನು ದಾಟಿಸುತ್ತಿದ್ದಾರೆ. ಅವರ ಮಾತು ಕೇಳಿ ನಿಲ್ಲಿಸಿದರೆ ದಡಾರ, ಪೋಲಿಯೊ ಬರುವುದು ಮತ್ತೆ ಮಕ್ಕಳಿಗೇ. ಒಂದೇ ನಿಯಮ ಒಂದು ಕಡೆ 'ನಿಲ್ಲಿಸಿ' ಅನ್ನುತ್ತದೆ, ಇನ್ನೊಂದು ಕಡೆ 'ಹಾಕಿಸಿ' ಅನ್ನುತ್ತದೆ.

ಇನ್ನೊಂದು ವಿಷಯ. ಇರುವ ಪುರಾವೆ ಅಷ್ಟೇ ಆದರೂ ಬೇರೆ ಬೇರೆ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರಬಹುದು. ಸಿಂಪಡಣೆ ನಿಲ್ಲಿಸಲು ಬಲವಾದ ಅನುಮಾನ ಸಾಕು. ಯಾರನ್ನಾದರೂ ಜೈಲಿಗೆ ಕಳಿಸಲು ಅದು ಸಾಲದು. ಪರಿಹಾರ ಕೊಡಲು ಬೇಕಾದ್ದು ಇವೆರಡರ ನಡುವೆ ಎಲ್ಲೋ. ಟಿವಿ ಚರ್ಚೆಯಲ್ಲಿ ಈ ಮೂರನ್ನೂ ಕಲಸಿ, ವಿಜ್ಞಾನ ಒಂದು ಕಡೆ, ಭಾವನೆ ಇನ್ನೊಂದು ಕಡೆ ಅಂತ ಮಾಡಿಬಿಡುತ್ತಾರೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಲ್ಲೇ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ: 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಇಲ್ಲಿ ತತ್ವದ ಭಿನ್ನಾಭಿಪ್ರಾಯ ಏನೂ ಇರಲಿಲ್ಲ. ಸುಮ್ನೆ ಕೊಡಲಿಲ್ಲ ಅಷ್ಟೇ. ಲೋಕದಲ್ಲಿ ಆಗುವ ಅನ್ಯಾಯಕ್ಕೆಲ್ಲ ತತ್ವದ ಗೊಂದಲ ಕಾರಣ ಅಂತ ಅಂದುಕೊಳ್ಳಬೇಡಿ ಮಾರಾಯ್ರೇ.

ಕೊನೆಯದು, ಒಳ್ಳೆಯ ಸಮಾಜ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಗಡಿ ವಿವಾದ ನೋಡಲು ನೇಮಿಸಿದ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ಆ ವರ್ಷಗಳ ಹೋರಾಟ ಇಲ್ಲಿ ಬೇಡ. ನಿಯಮದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕು, ಕನ್ನಡ ಬಲ್ಲ ಮೇಷ್ಟ್ರು ಬೇಕು, ಕಚೇರಿಯ ಅರ್ಜಿ ಕನ್ನಡದಲ್ಲಿರಬೇಕು ಅಂತ ನಾವು ಕೇಳುತ್ತೇವೆ. ಕೇಳಬೇಕು. ಚಿಕ್ಕ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಿ ಅನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರಲ್ಲಿ. ಆದರೆ ಬೆಳಗಾವಿಯ ಮರಾಠಿ ಮಾತಾಡುವವರು ಇದೇ ಮೂರನ್ನು ಕೇಳಿದಾಗ ನಮ್ಮವರಲ್ಲಿ ಕೆಲವರ ಸ್ವರ ಬದಲಾಗುತ್ತದೆ. ವಾಲಿ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಒಂದು ಪರೀಕ್ಷೆ ಹೇಳಿದರು. ನೀವು ಯಾರಾಗಿ, ಎಲ್ಲಿ, ಯಾವ ಮನೆಯಲ್ಲಿ ಹುಟ್ಟುತ್ತೀರಿ ಅಂತ ಗೊತ್ತಿಲ್ಲ ಅಂದುಕೊಂಡು ಸಮಾಜದ ನಿಯಮ ಬರೆಯಿರಿ. ಗಡಿಯವರಿಗೆ ಇದು ಕಲ್ಪನೆಯ ಆಟ ಅಲ್ಲ. ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ಈಚೆ ಹುಟ್ಟಿದರೆ ಭಾಷಾ ಅಲ್ಪಸಂಖ್ಯಾತ, ಆಚೆ ಹುಟ್ಟಿದರೆ ಬಹುಸಂಖ್ಯಾತ. ಎರಡಕ್ಕೂ ಸಿದ್ಧವಾಗಿ ಬರೆದ ನಿಯಮವೇ ನ್ಯಾಯದ ನಿಯಮ ಅಂತ ನಾನು ನಂಬಿದ್ದೇನೆ.

ಆದರೆ ಈ ಪರೀಕ್ಷೆಗೂ ಮಿತಿ ಇದೆ. ಅದು ಕಂಡದ್ದು 2020ರ ಮಾರ್ಚ್ ಕೊನೆಯಲ್ಲಿ. ಕೊರೋನಾ ಕಾಸರಗೋಡಿನಲ್ಲಿ ಜೋರಾಗಿತ್ತು. ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ನಮ್ಮ ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಆಚೆ ಹೋಗಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ಬಂತು. ತಡೆ ತೆಗೆಸಿ ಅಂತ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಕೊರೋನಾ ಇಲ್ಲದ ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವ ವ್ಯವಸ್ಥೆ ಆಯಿತು.

ಮಂಗಳೂರಿನಲ್ಲಿರುವ ನನ್ನ ಭಾವ ಆಗಲೂ ಈಗಲೂ ಗಡಿ ಮುಚ್ಚಿದ್ದು ಸರಿ ಅನ್ನುತ್ತಾರೆ. ಅವರು ಕೆಟ್ಟವರಲ್ಲ. ಮೊದಲು ತನ್ನವರನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ ಅಂತ ಅವರ ವಾದ. ಎಲ್ಲಿಯೂ ಹುಟ್ಟದ, ಯಾರ ಸಂಬಂಧವೂ ಇಲ್ಲದ ಮನುಷ್ಯ ಬರೆದ ನಿಯಮ ನಮಗ್ಯಾಕೆ ಅಂತ ಕೇಳುತ್ತಾರೆ. ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ಮೈಕೆಲ್ ಸ್ಯಾಂಡೆಲ್ 1982ರಲ್ಲಿ ರಾಲ್ಸ್ ವಿರುದ್ಧ ಎತ್ತಿದ ಆಕ್ಷೇಪವೂ ಹೆಚ್ಚುಕಡಿಮೆ ಇದೇ. ಭಾವ ಅವರನ್ನು ಓದಿಲ್ಲ.

ಉಸಿರು ಸಿಕ್ಕಿಹಾಕಿಕೊಂಡವನ ಆಧಾರ್ ಕಾರ್ಡ್ ನೋಡಿ ಹಾಸಿಗೆ ಕೊಡುವುದೇ ಅಂತ ನಾನು ಕೇಳುತ್ತೇನೆ. ರೋಗ ಎಷ್ಟು ಜೋರಿದೆ ಅಂತ ನೋಡಬೇಕು, ಊರು ಯಾವುದು ಅಂತ ಅಲ್ಲ. ಇದಕ್ಕೆ ಅವರು ಒಪ್ಪುತ್ತಾರೆ. ಒಪ್ಪಿ ಇನ್ನೊಂದು ಕೇಳುತ್ತಾರೆ: ಆ ಹಾಸಿಗೆಗೆ ತೆರಿಗೆ ಕೊಟ್ಟವರು ನಾವು. ಅರುವತ್ತು ವರ್ಷದಲ್ಲಿ ನಿಮ್ಮ ಸರ್ಕಾರ ನಿಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕಟ್ಟದೇ ಇದ್ದರೆ ಅದರ ಭಾರ ನಮ್ಮ ಮೇಲೆ ಯಾಕೆ? ಇದು ಪೊಳ್ಳು ಪ್ರಶ್ನೆ ಅಲ್ಲ. ಸರ್ಕಾರ ಕಟ್ಟಲಿಲ್ಲ ಅಂತ ರೋಗಿಗೆ ಶಿಕ್ಷೆ ಯಾಕೆ ಅಂತ ನನ್ನ ಉತ್ತರ. ಹಾಗಾದರೆ ಕಟ್ಟದ ಸರ್ಕಾರಕ್ಕೆ ಯಾವತ್ತೂ ಬಿಸಿ ತಾಗುವುದೇ ಇಲ್ಲ ಅಂತ ಅವರದು. ಹೋದ ವಿಷುವಿಗೂ ಇದೇ ಮಾತು ಬಂತು, ಊಟಕ್ಕೆ ಎಲೆ ಹಾಕಿದರು ಅಂತ ನಿಂತಿತು.