ಅಮ್ಮ ನಡುರಾತ್ರಿ ಕುಡಿಸಿದ ಒಳಲೆ ಹಾಲು

ಪ್ರಶ್ನೆ: ನನಗೆ 27 ವರ್ಷ. ಸಿಸೇರಿಯನ್ ಆಗಿ ಐದು ವಾರ. ಹಾಸನದ ಹತ್ತಿರ ತವರಿನಲ್ಲಿ ಬಾಣಂತನ. ಮಗಳು ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುವುದೇ ಇಲ್ಲ, ಬಿಡಿಸಿದರೆ ಕಿರುಚುತ್ತಾಳೆ. ಎದೆ ಈಗ ಮೊದಲಿನಂತೆ ಗಟ್ಟಿಯಾಗುವುದಿಲ್ಲ. ಪಂಪ್ ಹಾಕಿದರೆ 30 ಮಿಲಿ ಬಂದರೆ ಹೆಚ್ಚು. ‘ನಿನಗೆ ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕು’ ಎಂದು ಅತ್ತೆ ದಿನಾ ಫೋನ್ ಮಾಡುತ್ತಾರೆ. ಮೊನ್ನೆ ನಡುರಾತ್ರಿ ಎಚ್ಚರವಾಗಿ ನೋಡಿದರೆ, ಅಮ್ಮ ಅಡುಗೆಮನೆಯಲ್ಲಿ ಕೂತು ನೀರು ಬೆರೆಸಿದ ಹಸುವಿನ ಹಾಲನ್ನು ಒಳಲೆಯಲ್ಲಿ ಮಗುವಿಗೆ ಹಾಕುತ್ತಿದ್ದರು. ನಾಲ್ಕು ದಿನದಿಂದ ಹೀಗೇ ನಡೆದಿತ್ತಂತೆ. ಬಾಯಿಗೆ ಬಂದಂತೆ ಬೈದುಬಿಟ್ಟೆ. ಈಗ ಅಮ್ಮ ತಟ್ಟೆ ಇಟ್ಟು ಸುಮ್ಮನೆ ಹೋಗುತ್ತಾರೆ. ನನಗೆ ನಿಜಕ್ಕೂ ಹಾಲಿಲ್ಲವೇ? ಅಮ್ಮನನ್ನು ಹೇಗೆ ಮಾತಾಡಿಸಲಿ? ಮಗು ಹುಟ್ಟಿದಾಗ 2.9 ಕಿಲೋ ಇತ್ತು. ಇದೆಲ್ಲಕ್ಕೂ ಮೊದಲು, ಕಳೆದ ವಾರ ಅಂಗನವಾಡಿಯಲ್ಲಿ ತೂಗಿದಾಗ 3.4 ಬಂತು.

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದಿದ್ದೀರಿ, ಕಟ್ಟಕಡೆಯ ಸಾಲಿನಲ್ಲಿ. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕ ಇಳಿಯುತ್ತದೆ, ಹತ್ತು ಹದಿನಾಲ್ಕು ದಿನಕ್ಕೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸರಿಯಾಗಿಯೇ ಬೆಳೆಯುತ್ತಿದೆ ಎಂದರ್ಥ. ನಿಮ್ಮ ಮಗಳು ಅರ್ಧ ಕಿಲೋ ಏರಿದ್ದಾಳೆ. ಅದೂ ಒಳಲೆ ಬಾಯಿಗೆ ಬರುವ ಮುಂಚೆ. ಆ ಅರ್ಧ ಕಿಲೋ ಪೂರ್ತಿ ನಿಮ್ಮ ಎದೆಹಾಲಿನದೇ.

ಹಾಗಾದರೆ ಸಂಜೆಯ ಆ ಅಳು? ಈ ವಯಸ್ಸಿನ ಬಹಳ ಮಕ್ಕಳು ಸಂಜೆ ಹೊತ್ತು ಹೀಗೆ ಬಿಟ್ಟುಬಿಡದೆ ಎದೆಗೆ ಅಂಟಿಕೊಳ್ಳುತ್ತವೆ. ಆರನೇ ವಾರದ ಆಸುಪಾಸಿನಲ್ಲಿ ಅಳು ಹೆಚ್ಚೇ ಇರುತ್ತದೆ, ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ತಾನಾಗಿ ತಗ್ಗುತ್ತದೆ. ಎದೆ ಮೆತ್ತಗಾಗಿರುವುದು ಹಾಲು ಬತ್ತಿದ್ದಕ್ಕಲ್ಲ. ಮಗುವಿಗೆ ಎಷ್ಟು ಬೇಕೋ ಅಷ್ಟನ್ನೇ ತಯಾರಿಸಲು ಮೈ ಕಲಿತುಕೊಂಡಿದೆ. ಪಂಪಿನ ಅಳತೆಯನ್ನಂತೂ ನಂಬಲೇಬೇಡಿ. ಮಗು ಚೀಪುವಂತೆ ಯಾವ ಯಂತ್ರವೂ ಹಾಲು ಎಳೆಯುವುದಿಲ್ಲ. ನಿಮಗೆ ನೌಕರಿಯಿದ್ದರೆ, ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಸಿಗುತ್ತದೆ. ಅದು ಮುಗಿಯುವ ಹೊತ್ತಿಗೆ ಪಂಪ್ ಹೊರಗೆ ತೆಗೆದರಾಯಿತು.

ಎಣಿಸುವುದಿದ್ದರೆ ಒದ್ದೆ ಬಟ್ಟೆ ಎಣಿಸಿ. 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ತಿಳಿ ಮೂತ್ರ, ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲು, ಇಷ್ಟಿದ್ದರೆ ಸಾಕು. ರಾತ್ರಿಯ ಹಾಲನ್ನು ಮಾತ್ರ ತಪ್ಪಿಸಬೇಡಿ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು ಇರುತ್ತದೆ. ಹೊಲಿಗೆ ನೋಯುತ್ತಿದ್ದರೆ ಮಗ್ಗುಲಾಗಿ ಮಲಗಿಯೇ ಕುಡಿಸಿ, ಆದರೆ ನಿದ್ದೆ ಬರುವಂತಿದ್ದರೆ ಮಗುವನ್ನು ತೊಟ್ಟಿಲಿಗೆ ಹಾಕಿ. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ ಅದನ್ನು ಇಂದೇ ಬಿಡಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಣಸಿನ ಸಾರು ಎಲ್ಲವನ್ನೂ ಸಂತೋಷವಾಗಿ ಉಣ್ಣಿ, ಬಾಯಾರಿದಾಗಲೆಲ್ಲ ನೀರು ಕುಡಿಯಿರಿ.

ಹಸುವಿನ ಹಾಲು ಮಾತ್ರ ನಿಲ್ಲಲೇಬೇಕು. ಒಂದು ವರ್ಷ ತುಂಬುವವರೆಗೆ ಅದು ಕೂಸಿನ ಮುಖ್ಯ ಹಾಲಾಗಬಾರದು. ಅದರ ಪ್ರೋಟೀನ್ ಮತ್ತು ಉಪ್ಪಿನಂಶ ಎಳೆಯ ಮೂತ್ರಪಿಂಡಗಳಿಗೆ ಭಾರ, ಕಬ್ಬಿಣಾಂಶವೂ ಸಾಲದು. ನೀರು ಬೆರೆಸಿದರೆ ಇರುವ ಸತ್ವವೂ ತೆಳುವಾಗುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ಒಳಲೆಯಲ್ಲಿ ಹೊಟ್ಟೆ ತುಂಬಿದ ಮಗು ಆ ಹೊತ್ತು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಇಳಿಯುತ್ತಾ ಹೋಗುತ್ತದೆ. ಕೊನೆಗೆ ‘ಹಾಲು ಸಾಲದು’ ಎಂಬ ಮಾತೇ ನಿಜವಾಗಿಬಿಡುತ್ತದೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು; ನೀರು, ಜೇನು, ಬಜೆ, ಕತ್ತೆ ಹಾಲು ಯಾವುದೂ ಬೇಡ. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ಹಾಕಿ.

ಮುಂದೆ ಎಂದಾದರೂ ತೂಕ ಏರುವುದು ನಿಂತರೆ ವೈದ್ಯರು ಡಬ್ಬಿ ಹಾಲು ಸೂಚಿಸಬಹುದು. ಆಗ ಕೊಡಿ, ಅದರಲ್ಲಿ ನಿಮ್ಮ ಸೋಲೇನೂ ಇಲ್ಲ. ಆದರೆ ಅದನ್ನು ವೈದ್ಯರು ಹೇಳಬೇಕು, ಫೋನಿನಲ್ಲಿ ಅತ್ತೆಯಲ್ಲ. ಅತ್ತೆಗೆ ಉತ್ತರ ಕೊಡುವ ಕೆಲಸವನ್ನು ನಿಮ್ಮ ಯಜಮಾನರಿಗೆ ಒಪ್ಪಿಸಿ. ಮಗ ಹೇಳಿದ ತೂಕದ ಲೆಕ್ಕಕ್ಕೆ ಇರುವ ಬೆಲೆ ಸೊಸೆ ಹೇಳಿದ್ದಕ್ಕೆ ಇರುವುದಿಲ್ಲ ಎಂಬುದು ಬೇಸರದ ಸಂಗತಿ, ಆದರೆ ಸದ್ಯಕ್ಕೆ ಅದನ್ನೇ ಬಳಸಿಕೊಳ್ಳೋಣ.

ಮಗು ಮಂಕಾಗಿ ಚೀಪದೇ ಹೋದರೆ, ಮೂತ್ರ ಕಡಿಮೆಯಾದರೆ, ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ನಿಮಗೂ ಅಷ್ಟೇ. ಎರಡು ವಾರ ಕಳೆದರೂ ನಿಮ್ಮ ಅಳು ನಿಲ್ಲದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ ವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಮ್ಮ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕೇಳದೆ ಕೊಟ್ಟದ್ದು ತಪ್ಪು. ಆದರೆ ಆ ನಡುರಾತ್ರಿಯ ಅಡುಗೆಮನೆಯನ್ನು ನಾನು ಮತ್ತೆ ಮತ್ತೆ ಕಣ್ಣಮುಂದೆ ತಂದುಕೊಂಡೆ. ಹೊಲಿಗೆಯ ನೋವಿನಲ್ಲಿ ಮಲಗಿದ ಮಗಳನ್ನು ಎಬ್ಬಿಸಬಾರದು, ಮೊಮ್ಮಗಳು ಹಸಿದಿರಬಾರದು ಎಂದು ಒಬ್ಬರೇ ಕೂತಿದ್ದಾರೆ. ಬಹುಶಃ ನಿಮ್ಮನ್ನೂ ಅದೇ ಒಳಲೆಯಲ್ಲಿ ಬೆಳೆಸಿದ್ದಾರೆ. ಗೊತ್ತಿದ್ದ ದಾರಿಯನ್ನೇ ಹಿಡಿದರು.

ಕ್ಷಮೆಯ ದೊಡ್ಡ ಮಾತು ಬೇಡ. ನಾಳೆ ಅವರು ತಟ್ಟೆ ಇಡುವಾಗ ಕೈ ಹಿಡಿದು, ‘ಅಮ್ಮಾ, ಆವತ್ತು ನನ್ನ ಬಾಯಿ ಜೋರಾಯ್ತು’ ಎನ್ನಿ. ತಾಯಿ ಕಾರ್ಡ್ ತೆಗೆದು 2.9, 3.4 ಎರಡನ್ನೂ ಅವರಿಗೆ ತೋರಿಸಿ. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಅವರೇ ಮಗುವನ್ನು ಎತ್ತಿಕೊಂಡು ಬರಲಿ, ತೂಕವನ್ನು ಅವರೇ ನೋಡಲಿ. ರಾತ್ರಿ ಮಗು ಅತ್ತರೆ ತಂದು ನಿಮ್ಮ ಮಗ್ಗುಲಿಗೆ ಮಲಗಿಸುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು ಇನ್ನು ಅವರ ಪಾಲಿನ ಕೆಲಸ. ಸಂಜೆ ಆರಕ್ಕೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಟಿವಿ ಆರಿಸಿ. ಎರಡು ಸಲ ಚೀಪಿ ಒಂದು ಸಲ ಮಗು ಗುಟುಕರಿಸುವ ಸದ್ದು ಅವರ ಕಿವಿಗೂ ಬೀಳಲಿ.