ಅರ್ಜಿ ಬಿಡಬೇಡಿ, ಡೆಪಾಸಿಟ್ ಕಟ್ಟುವ ಮುಂಚೆ ಕೇಳಿ

ಅಮೆರಿಕ ನಿಮ್ಮ ದೇಶದವರಿಗೆ ಪ್ರಯಾಣ ನಿರ್ಬಂಧ ಹಾಕಿದೆ, ಈ ವರ್ಷ ಅಲ್ಲಿನ ಯೂನಿವರ್ಸಿಟಿಗೆ ಅರ್ಜಿ ಹಾಕೋದೇ ಬೇಡ್ವಾ ಅಂತ ಕೇಳಿದ್ದೀರಿ. ಖಂಡಿತ ಹಾಕಿ. ಸೀಟು ಕೊಡೋದು ಯೂನಿವರ್ಸಿಟಿ, ವೀಸಾ ಕೊಡೋದು ಸರ್ಕಾರ. ಒಂದಕ್ಕೆ ಹೆದರಿ ಇನ್ನೊಂದನ್ನು ಬಿಡಬೇಡಿ.

ಆದರೆ ಸೀಟು ಹಿಡಿದಿಡಲು ಕಟ್ಟುವ ಡೆಪಾಸಿಟ್ ಕೊಡುವ ಮುಂಚೆ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಬರೆಯಿರಿ. "ವೀಸಾ ಸಿಗದಿದ್ದರೆ ಸೀಟನ್ನು ಮುಂದಿನ ಸೆಮಿಸ್ಟರ್‌ಗೆ ಇಟ್ಟುಕೊಡುತ್ತೀರಾ? ಸ್ಕಾಲರ್‌ಶಿಪ್ ಹಾಗೇ ಉಳಿಯುತ್ತಾ? ಡೆಪಾಸಿಟ್ ವಾಪಸ್ ಬರುತ್ತಾ?" ಉತ್ತರ ಬರಹದಲ್ಲೇ ಇರಲಿ, ಫೋನಲ್ಲಿ ಹೇಳಿದ್ದು ಸಾಲದು. ಸ್ಕಾಲರ್‌ಶಿಪ್ ವಿಷಯ ಕೇಳೋದನ್ನು ಮಾತ್ರ ಮರೀಬೇಡಿ. ಸೀಟು ಉಳಿದು ದುಡ್ಡು ಹೋದರೆ ಕಷ್ಟ ಅಲ್ವಾ?

ವೀಸಾ ಅರ್ಜಿ ಶುಲ್ಕ ವಾಪಸ್ ಬರಲ್ಲ. ನಿರ್ಬಂಧದ ಆದೇಶದಲ್ಲಿ ಎಫ್-1 ವೀಸಾ (ವಿದ್ಯಾರ್ಥಿ ವೀಸಾ) ಸೇರಿದೆಯಾ ಅಂತ ಓದಿ ನೋಡಿ, ಆಮೇಲೆ ಕಟ್ಟಿ. ಹೊಸ ವಿದ್ಯಾರ್ಥಿಗೆ ಕೋರ್ಸ್ ಶುರುವಾಗುವ 365 ದಿನ ಮುಂಚಿನಿಂದಲೇ ಈ ವೀಸಾ ಸಿಗಬಹುದು, ಆದರೆ ದೇಶದೊಳಗೆ ಬಿಡೋದು ಕೋರ್ಸ್‌ಗೆ ಮುಂಚಿನ ಕೊನೆಯ 30 ದಿನಗಳಲ್ಲಿ. ಹಾಗಾಗಿ ಐ-20 (ವೀಸಾ ಅರ್ಜಿಗೆ ಬೇಕಾದ, ಯೂನಿವರ್ಸಿಟಿ ಕೊಡುವ ಪತ್ರ) ಕೈಗೆ ಬಂದ ಮೇಲೆ ಸುಮ್ನೆ ಕಾಯಬೇಡಿ.

ಜೊತೆಗೆ ಇನ್ನೊಂದು ದೇಶಕ್ಕೂ ಅರ್ಜಿ ಹಾಕಿಡಿ. ಬ್ರಿಟನ್ ಆದರೆ ಕೋರ್ಸಿಗೆ 6 ತಿಂಗಳು ಮುಂಚಿನಿಂದ ವೀಸಾ ಕೇಳಬಹುದು. ಇಮೇಲಿಗೆ ಏನು ಉತ್ತರ ಬಂತು ಅಂತ ಇಲ್ಲೇ ತಿಳಿಸಿ, ಮುಂದಿನದ್ದು ನೋಡೋಣ.