ಪಾರ್ಕ್ ಗಿಳಿಗಳ ಅಧ್ಯಯನದಿಂದ ಗಿಳಿಗೇನು ಲಾಭ?

ವನ್ಯಜೀವಿ ಪಾರ್ಕ್‌ನವರು ಯೂನಿವರ್ಸಿಟಿ ಜೊತೆ ಸೇರಿ ಗಿಳಿಗಳ ಅಧ್ಯಯನ ಮಾಡುವುದು ಬರೀ ಪ್ರಚಾರಕ್ಕಾ, ಗಿಳಿಗೆ ಅದರಿಂದ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಪ್ರಚಾರವೂ ಇರುತ್ತದೆ, ಇಲ್ಲ ಅನ್ನೋಕಾಗಲ್ಲ. ಆದರೆ ಒಂದೇ ಜಾತಿಯ ಹತ್ತಾರು ಗಿಳಿಗಳು ಒಟ್ಟಿಗೆ ಸಿಗುವುದು ಪಾರ್ಕ್‌ನಲ್ಲೇ. ಅಲ್ಲಿನ ಕೆಲಸಗಾರರಿಗೋ, ಮೇವು ಹಾಕಿ ಪಂಜರ ತೊಳೆಯುವಷ್ಟರಲ್ಲಿ ದಿನ ಮುಗಿಯುತ್ತದೆ. ಕೂತು ನೋಡಿ ಬರೆದುಕೊಳ್ಳಲು ಹೊರಗಿನವರೇ ಬೇಕು.

ಸ್ಪೇನ್‌ನ ಟೆನೆರಿಫೆ ದ್ವೀಪದಲ್ಲಿರುವ ಲೋರೋ ಪಾರ್ಕೆ ಅನ್ನುವ ಪ್ರಾಣಿ ಪಾರ್ಕ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯವರು ಮಾಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಲೋಹದ ಬಳೆ ಕೊಟ್ಟರೆ ಬದಲಿಗೆ ತಿನ್ನಲು ಬೀಜ ಸಿಗುತ್ತದೆ ಅಂತ ಗಿಳಿಗಳಿಗೆ ಕಲಿಸಿದ್ದರು. ಆಮೇಲೆ ಒಂದು ಗಿಳಿಯ ಹತ್ತಿರ ಬಳೆ ಇಟ್ಟು, ಅದನ್ನು ಪ್ರಯೋಗ ಮಾಡುವವರಿಗೆ ಕೊಡುವ ಕಿಂಡಿ ಮುಚ್ಚಿದರು. ಪಕ್ಕದ್ದಕ್ಕೆ ಕಿಂಡಿ ತೆರೆದಿತ್ತು, ಬಳೆ ಇರಲಿಲ್ಲ. ಆಫ್ರಿಕನ್ ಗ್ರೇ ಅನ್ನುವ ಬೂದು ಬಣ್ಣದ ಗಿಳಿಗಳು ಕೊಕ್ಕಲ್ಲಿ ಬಳೆ ಎತ್ತಿ ಪಕ್ಕದ ಗಿಳಿಗೆ ದಾಟಿಸಿದವು, ತಮಗೇನೂ ಸಿಗದಿದ್ದರೂ. ನೀಲಿ ತಲೆಯ ಮಕಾ ಅನ್ನುವ ಇನ್ನೊಂದು ಜಾತಿಯ ಗಿಳಿಗಳು ಹಾಗೆ ಮಾಡಲಿಲ್ಲ. ಪಕ್ಕದವರ ಬಗ್ಗೆ ಇಷ್ಟು ಗಮನ ಇಡುವ ಹಕ್ಕಿಯನ್ನು ಒಂಟಿಯಾಗಿ ಸಾಕುವುದು ಸರಿಯಾ ಅಂತ ನಾವೂ ಯೋಚಿಸಬೇಕು, ಅಲ್ವಾ?

ಸಾಕುವವರಿಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುವುದು ಕೆನಡಾದ ಗ್ವೆಲ್ಫ್ ಯೂನಿವರ್ಸಿಟಿ ತಂಡದ 2021ರ ಕೆಲಸ. 50 ಜಾತಿಯ 1,300ಕ್ಕೂ ಹೆಚ್ಚು ಸಾಕುಗಿಳಿಗಳ ವಿವರ ಹೋಲಿಸಿ ನೋಡಿದರು. ಕಾಡಿನಲ್ಲಿ ಸಿಪ್ಪೆ ಒಡೆದು, ಕೆದಕಿ, ಕಷ್ಟಪಟ್ಟು ತಿನ್ನುವ ಜಾತಿಗಳಲ್ಲಿ ಗರಿ ಕಿತ್ತುಕೊಳ್ಳುವ ಚಟ ಜಾಸ್ತಿ ಕಂಡಿತು. ಅಂದರೆ ಕೊಕ್ಕಿಗೆ ಕೆಲಸವಿಲ್ಲದಿರುವುದೇ ಅವಕ್ಕೆ ತೊಂದರೆ ಇರಬಹುದು. ನಾವು ಬಟ್ಟಲಲ್ಲಿ ಕಾಳು ಸುರಿದುಬಿಡುತ್ತೇವೆ, ಸ್ವಲ್ಪ ಹೊತ್ತಲ್ಲಿ ಊಟ ಮುಗಿಯಿತು. ಮಿಕ್ಕ ದಿನವೆಲ್ಲ ಆ ಕೊಕ್ಕು ಏನು ಮಾಡಬೇಕು? ಸಿಪ್ಪೆ ಇರುವ ಕಾಯಿ ಹಾಗೇ ಕೊಡಿ. ಶಾಯಿ ಇಲ್ಲದ ಕಾಗದದಲ್ಲಿ ತಿಂಡಿ ಸುತ್ತಿ ಎರಡು ಮೂರು ಕಡೆ ಸಿಕ್ಕಿಸಿ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್‌ನಲ್ಲಿ ಅಮೆಜಾನ್ ಗಿಳಿಗಳಿಗೆ ಸುಮ್ನೆ ದಪ್ಪ ಪೆಲೆಟ್ (ಒತ್ತಿ ಮಾಡಿದ ಆಹಾರದ ಉಂಡೆ) ಕೊಟ್ಟರು, ಅಷ್ಟೇ. ಅದನ್ನು ಕಾಲಲ್ಲಿ ಹಿಡಿದು ಕಡಿಯುತ್ತಾ ತಿನ್ನಲು ಅವು ಎಷ್ಟೋ ಜಾಸ್ತಿ ಹೊತ್ತು ತೆಗೆದುಕೊಂಡವು.

ಯಾವುದೇ ಪಾರ್ಕ್‌ನ ಅಧ್ಯಯನ ನಿಜವಾದದ್ದಾ ಅಂತ ತಿಳಿಯಬೇಕಾದರೆ ಹೀಗೆ ಕೇಳಿ: ಪಂಜರದಲ್ಲಿ ಏನಾದರೂ ಬದಲಿಸುವ ಮೊದಲೇ ಗಿಳಿಗಳ ವರ್ತನೆ ಬರೆದಿಟ್ಟಿದ್ದರಾ? ಬೇಡ ಅನಿಸಿದರೆ ಗಿಳಿ ಎದ್ದು ಹೋಗಬಹುದಾ? ಫಲಿತಾಂಶ ಬಂದ ಮೇಲೆ ಪಂಜರದಲ್ಲಿ ಏನು ಬದಲಾಯಿತು? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಅದು ಫೋಟೋಗೆ ಮಾಡಿಕೊಂಡ ಒಪ್ಪಂದ ಅಂತ ನಾನಂತೂ ಅಂದುಕೊಳ್ಳುತ್ತೇನೆ.

ಮನೆಯಲ್ಲೂ ಇದೇ ರೀತಿ ಮಾಡಬಹುದು. ದಿನಾ ಅದೇ ಹೊತ್ತಿಗೆ ದೂರ ಕೂತು, ನಿಮಿಷಕ್ಕೊಮ್ಮೆ ಗಿಳಿ ಏನು ಮಾಡುತ್ತಿದೆ ಅಂತ ಬರೆಯಿರಿ: ತಿನ್ನುತ್ತಿದೆ, ಗರಿ ತೀಡುತ್ತಿದೆ, ಕೀಳುತ್ತಿದೆ, ಸುಮ್ಮನೆ ಕೂತಿದೆ. ಒಂದು ವಾರ ಬರೆದ ಮೇಲೆ ಒಂದೇ ಒಂದು ಬದಲಾವಣೆ ಮಾಡಿ, ಮತ್ತೆ ಒಂದು ವಾರ ಬರೆಯಿರಿ. ಆದರೆ ಗರಿ ಕೀಳುತ್ತಿದ್ದರೆ ಮೊದಲು ಪಕ್ಷಿ ನೋಡುವ ವೈದ್ಯರಿಗೆ ತೋರಿಸಿ. ಚರ್ಮದ ಸೋಂಕಿದ್ದರೆ ಆಟಿಕೆ ಎಷ್ಟು ಕೊಟ್ಟರೂ ನಿಲ್ಲಲ್ಲ.